ಕಾಸ್‌ಪ್ಲೇ ಮಾಡುವವರೇ, ಗಮ್ ಕೆಲಸ ಮಳೆಗಾಲಕ್ಕೆ ಇಟ್ಟುಕೊಳ್ಳಬೇಡಿ

ಬೆಂಗಳೂರು ಕಾಮಿಕ್ ಕಾನ್‌ಗೆ (ಕಾಮಿಕ್ಸ್ ಅಭಿಮಾನಿಗಳ ಮೇಳ) ಅನಿಮೆ, ಅಂದರೆ ಜಪಾನಿ ಕಾರ್ಟೂನ್ ಪಾತ್ರದ ವೇಷದಲ್ಲಿ ಹೋಗಬೇಕು ಅಂತ ಇರುವ ನಮ್ಮ ಕೊಡಗಿನವರಿಗೆ ಒಂದು ಮಾತು. ಫೋಮ್ ಶೀಟ್‌ನಲ್ಲಿ ಕವಚ ಮಾಡುವವರು ಈಗಲೇ ಶುರು ಮಾಡಿ.

ಹೋದ ವರ್ಷ ಜುಲೈಯಲ್ಲಿ ನಾನು ಭುಜದ ಕವಚ ಅಂಟಿಸಿದೆ. ಬೆಳಿಗ್ಗೆ ನೋಡಿದರೆ ಜೋಡಣೆ ಬಾಯಿ ಬಿಟ್ಟಿತ್ತು. ಚಪ್ಪಲಿ ಹೊಲಿಯುವವರು ಬಳಸುವ ಹಳದಿ ಗಮ್ ಇದೆಯಲ್ವಾ, ಅದರ ಮೇಲೆ ಗಾಳಿಯ ತೇವ ಕೂತರೆ ತೆಳ್ಳಗೆ ಬಿಳಿ ಪೊರೆ ಕಟ್ಟುತ್ತದೆ. ಆಮೇಲೆ ಎಷ್ಟು ಒತ್ತಿದರೂ ಹಿಡಿಯುವುದಿಲ್ಲ.

ಮಳೆಯಲ್ಲೇ ಮಾಡಬೇಕಾದರೆ ಮೊದಲು ಫೋಮನ್ನು ಹೇರ್ ಡ್ರೈಯರ್‌ನಲ್ಲಿ ಬೆಚ್ಚಗೆ ಮಾಡಿ. ಡ್ರೈಯರ್ ಆರಿಸಿ ಪಕ್ಕಕ್ಕಿಟ್ಟ ಮೇಲೆ ಜೋಡಿಸುವ ಎರಡೂ ತುಂಡಿನ ಅಂಚಿಗೆ ತೆಳುವಾಗಿ ಗಮ್ ಹಚ್ಚಿ. ಬೆರಳು ಮುಟ್ಟಿದರೆ ಅಂಟಬಾರದು, ಅಲ್ಲಿವರೆಗೆ ಕಾಯಿರಿ. ಆಮೇಲೆ ಗಟ್ಟಿಯಾಗಿ ಒತ್ತಿ. ಬೇಗ ಒಣಗಲಿ ಅಂತ ದಯವಿಟ್ಟು ಒಲೆ ಹತ್ತಿರ ಇಡಬೇಡಿ, ಈ ಗಮ್‌ನ ಆವಿಗೆ ಬೆಂಕಿ ಹತ್ತುತ್ತದೆ. ಕಿಟಕಿ ತೆರೆದಿರಲಿ.

ವಿಗ್ಗನ್ನು ಒದ್ದೆ ಇರುವಾಗ ಕವರಿಗೆ ತುಂಬಿದರೆ ಬೂಸ್ಟು ಹಿಡಿಯುತ್ತದೆ. ತುದಿಯಿಂದ ಮೇಲಕ್ಕೆ ಬಾಚಿ, ಪೂರ್ತಿ ಒಣಗಿಸಿ ಇಡಿ.

ನಮಗೆ ರೈಲಿಲ್ಲ, ಬಸ್ಸೇ ಗತಿ. ವೇಷದ ಕತ್ತಿಯನ್ನು ಎರಡು ತುಂಡಾಗಿ ಬಿಚ್ಚುವ ಹಾಗೆ ಮಾಡಿ, ಕಬ್ಬಿಣ ಬೇಡ. ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ಇಳಿದು ಮೆಟ್ರೋ ಹತ್ತುವವರ ಬ್ಯಾಗ್ ತಪಾಸಣೆ ಆಗುತ್ತದೆ. ವೇಷ ಕಾಮಿಕ್ ಕಾನ್‌ಗೆ ಹೋಗಿಯೇ ಹಾಕಿಕೊಳ್ಳಿ. ಸೇಫ್ಟಿ ಪಿನ್ ಜೇಬಲ್ಲಿರಲಿ.