ರಿಲೀಸ್ ಬಿಲ್ಡ್‌ನಲ್ಲಿ ಮಾಯವಾದ ಪಿರೀಡ್

ಡಿಸ್ಕ್ ಇಮೇಜ್ (ಡಿಸ್ಕ್‌ನ ಪೂರ್ತಿ ನಕಲಿರುವ ಫೈಲ್) ಪರೀಕ್ಷಿಸುವ ನನ್ನ ಸಿ ಪ್ರೋಗ್ರಾಂ ಡಿಬಗ್ ಬಿಲ್ಡ್‌ನಲ್ಲಿ ಸರಿಯಾಗಿ ಓಡುತ್ತಿತ್ತು. ರಿಲೀಸ್ ಬಿಲ್ಡ್‌ನಲ್ಲಿ ಮಾತ್ರ ಇಎಕ್ಸ್‌ಟಿ4 ಫೈಲ್ ಸಿಸ್ಟಂನ ಮುಖ್ಯ ವಿವರಗಳಿರುವ ಸೂಪರ್‌ಬ್ಲಾಕ್‌ನಲ್ಲಿ, ಅದರ ಗುರುತಾದ ಮ್ಯಾಜಿಕ್ ಸಂಖ್ಯೆ 61267ರ ಬದಲು ಸೊನ್ನೆ ಬರುತ್ತಿತ್ತು.

ಇಮೇಜ್ ಬದಲಿಸಿದೆ, ಆಪ್ಟಿಮೈಸೇಶನ್ ಪೂರ್ತಿ ತೆಗೆದೆ, ಸ್ಟ್ರಕ್ಟ್ ಪ್ಯಾಡಿಂಗ್ ಅಳೆದೆ. ಏನೂ ಆಗಲಿಲ್ಲ.

ಪ್ರೋಗ್ರಾಂ ಮಾಡುವ ಸಿಸ್ಟಂ ಕರೆಗಳನ್ನು ತೋರಿಸುವ ಎಸ್‌ಟ್ರೇಸ್ ಹಾಕಿದಾಗ ಗೊತ್ತಾಯಿತು: 1024ನೇ ಬೈಟ್‌ನಿಂದ ಓದಬೇಕಿದ್ದ ಪಿರೀಡ್ (pread, ಫೈಲಿನಲ್ಲಿ ಹೇಳಿದ ಜಾಗದಿಂದ ಓದುವ ಫಂಕ್ಷನ್) ಕರೆಯೇ ಇಲ್ಲ! ಅದನ್ನು ನಾನು ಅಸರ್ಟ್‌ನ (assert, ಷರತ್ತು ಸುಳ್ಳಾದರೆ ಪ್ರೋಗ್ರಾಂ ನಿಲ್ಲಿಸುವ ಮ್ಯಾಕ್ರೋ) ಆವರಣದೊಳಗೆ ಬರೆದಿದ್ದೆ. ನನ್ನ ರಿಲೀಸ್ ಬಿಲ್ಡ್‌ನಲ್ಲಿದ್ದಂತೆ ಎನ್‌ಡಿಬಗ್ (NDEBUG) ಎಂಬ ಮ್ಯಾಕ್ರೋ ಡಿಫೈನ್ ಆಗಿದ್ದರೆ ಅಸರ್ಟ್ ತನ್ನೊಳಗಿನದನ್ನೆಲ್ಲ ನುಂಗಿಬಿಡುತ್ತದೆ. ಸಿ ಭಾಷೆಯ ನಿಯಮವೇ ಹಾಗೆ, ಕಂಪೈಲರನ್ನು ಬೈದು ಫಲವಿಲ್ಲ.

ಮೊದಲು ಪಿರೀಡ್ ಕೊಟ್ಟ ಬೆಲೆಯನ್ನು ಬೇರೆ ವೇರಿಯಬಲ್‌ಗೆ ಹಾಕಿದೆ. ಅದು, ಅಂದರೆ ಓದಿದ ಬೈಟ್‌ಗಳ ಸಂಖ್ಯೆ, 1024 ಅಲ್ಲದಿದ್ದರೆ ಇಫ್‌ನಲ್ಲೇ ಎರರ್ ಹಿಂದಿರುಗಿಸಿದೆ. ಆಮೇಲೆ ಗ್ರೆಪ್‌ನಿಂದ ಉಳಿದ ಅಸರ್ಟ್‌ಗಳಲ್ಲಿ ಫಂಕ್ಷನ್ ಕರೆ, ಬೆಲೆ ಬದಲಿಸುವ ++, ಒಂಟಿ = ಹುಡುಕಿದೆ. ಇನ್ನೂ ಮೂರು ಸಿಕ್ಕವು, ಒಂದರೊಳಗೆ ಡೇಟಾವನ್ನು ಡಿಸ್ಕ್‌ಗೆ ಬರೆಸುವ ಎಫ್‌ಸಿಂಕ್ ಕೂತಿತ್ತು. ಈಗ ಟೆಸ್ಟ್‌ಗಳನ್ನು ಎನ್‌ಡಿಬಗ್ ಇಟ್ಟು ಒಮ್ಮೆ, ತೆಗೆದು ಒಮ್ಮೆ ಓಡಿಸುತ್ತೇನೆ.