ಮಾಯವಾದ ನಾಲ್ಕು ಕಮಿಟ್ ವಾಪಸ್ ಸಿಕ್ಕಿದ್ದು ಹೀಗೆ

ಮೂರು ದಿನ ಕೂತು ಬರೆದ ಕೋಡ್. ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ನಾಲ್ಕು ಕಮಿಟ್, ಅಂದರೆ ಉಳಿಸಿಟ್ಟ ನಾಲ್ಕು ಹಂತ. ಒಂದನ್ನೂ ಪುಶ್ ಮಾಡಿ ಸರ್ವರ್‌ಗೆ ಕಳಿಸಿರಲಿಲ್ಲ. ಬೇರೆ ಬ್ರಾಂಚ್‌ನಲ್ಲಿ (ಕೋಡ್‌ನ ಬೇರೆ ಕವಲಿನಲ್ಲಿ) ಇದ್ದೇನೆ ಅಂದುಕೊಂಡು ಹಾರ್ಡ್ ರೀಸೆಟ್ ಕೊಟ್ಟೆ, ಅಂದರೆ ಕೋಡನ್ನು ಹಳೆಯ ಹಂತಕ್ಕೆ ತಳ್ಳುವ ಆಜ್ಞೆ. ಲಾಗ್ ನೋಡಿದರೆ ನಾಲ್ಕೂ ಮಾಯ. ಎದೆ ಧಸಕ್ಕೆಂದಿತು.

ಗಾಬರಿಯಲ್ಲಿ ಇಡೀ ಫೋಲ್ಡರ್ ಅಳಿಸಿ ಸರ್ವರ್‌ನಿಂದ ಹೊಸದಾಗಿ ಕ್ಲೋನ್ (ನಕಲು) ಮಾಡಲು ಹೊರಟಿದ್ದೆ. ಪಕ್ಕದಲ್ಲಿದ್ದ ಗೆಳೆಯ, "ತಡಿಯೋ, ರಿಫ್ಲಾಗ್ ನೋಡಿದ್ಯಾ?" ಅಂದ.

ರಿಫ್ಲಾಗ್ ಅಂದರೆ ಹೆಡ್ (ನಾವು ಈಗ ಯಾವ ಕಮಿಟ್ ಮೇಲಿದ್ದೇವೆ ಅನ್ನೋ ಗುರುತು) ಎಲ್ಲೆಲ್ಲಿ ಓಡಾಡಿತು ಅನ್ನೋದರ ದಿನಚರಿ. ಅದು ನಮ್ಮ ಮಷೀನ್‌ನಲ್ಲೇ, ಡಾಟ್ ಗಿಟ್ ಫೋಲ್ಡರ್ ಒಳಗೆ ಇರುತ್ತದೆ. ಪುಶ್ ಮಾಡಿದರೆ ಹೋಗುವುದಿಲ್ಲ, ಕ್ಲೋನ್ ಮಾಡಿದರೆ ಬರುವುದೂ ಇಲ್ಲ. ಫೋಲ್ಡರ್ ಅಳಿಸಿದ್ದರೆ ನನ್ನ ಕಥೆ ಮುಗೀತಿತ್ತು ಅಲ್ವಾ!

'ಗಿಟ್ ರಿಫ್ಲಾಗ್' ಓಡಿಸಿದೆ. ಮೊದಲ ಸಾಲಿನಲ್ಲೇ ನನ್ನ ಘನಕಾರ್ಯ, ಆ ರೀಸೆಟ್. ಅದರ ಕೆಳಗೆ ಕೊನೆಯ ಕಮಿಟ್, ಏಳು ಅಕ್ಷರದ ಹ್ಯಾಶ್ (ಆ ಕಮಿಟ್‌ನ ಗುರುತು) ಸಮೇತ. 'ಗಿಟ್ ಬ್ರಾಂಚ್' ಎಂದು ಬರೆದು, ಹೊಸ ಹೆಸರು, ಮುಂದೆ ಆ ಹ್ಯಾಶ್. ನಾಲ್ಕೂ ಕಮಿಟ್ ಬಂದವು. ಇನ್ನೊಂದು ರೀಸೆಟ್ ಕೊಟ್ಟರೂ ಆಗುತ್ತಿತ್ತು, ಆದರೆ ಆ ಪದ ಟೈಪ್ ಮಾಡಲು ಕೈ ಬರಲಿಲ್ಲ.

ಕಮಿಟ್ ಮಾಡದೆ ಬಿಟ್ಟಿದ್ದ ಒಂದು ಫೈಲ್‌ನ ಬದಲಾವಣೆ ಮಾತ್ರ ಹೋಯಿತು. ಅಂಥದ್ದು ರಿಫ್ಲಾಗ್‌ನಲ್ಲಿ ಇರುವುದೇ ಇಲ್ಲ. ಅಂದ ಹಾಗೆ, ಹೀಗೆ ಬ್ರಾಂಚ್‌ನಿಂದ ಕಳಚಿಬಿದ್ದ ಕಮಿಟ್‌ಗಳ ದಾಖಲೆಯನ್ನು ಗಿಟ್ ಡೀಫಾಲ್ಟ್ ಆಗಿ 30 ದಿನ ಉಳಿಸುತ್ತದೆ, ಮಿಕ್ಕವನ್ನು 90 ದಿನ. ಹಾಗಾಗಿ ಹುಡುಕುವುದನ್ನು ಜಾಸ್ತಿ ಮುಂದೂಡಬೇಡಿ.

ಈಗ ಟರ್ಮಿನಲ್ ಪ್ರಾಂಪ್ಟ್‌ನಲ್ಲೇ ಬ್ರಾಂಚ್ ಹೆಸರು ಕಾಣುವಂತೆ ಮಾಡಿಕೊಂಡಿದ್ದೇನೆ, ಕೆಂಪು ಬಣ್ಣದಲ್ಲಿ.