ಕೂಲಂಟ್ ಸೆನ್ಸರ್ ಬದಲಿಸಿದಿರಿ, ಗಾಳಿ ತೆಗೆದಿರಾ?

ಎಂಜಿನ್ ತಂಪಾಗಿಡುವ ದ್ರವವಾದ ಕೂಲಂಟ್ ಎಷ್ಟು ಬಿಸಿ ಇದೆ ಎಂದು ಅಳೆಯುವ ಕೂಲಂಟ್ ಟೆಂಪರೇಚರ್ ಸೆನ್ಸರ್ ಬಿಚ್ಚಿ ಹೊಸದು ಹಾಕುವುದು ಹತ್ತು-ಹದಿನೈದು ನಿಮಿಷದ ಕೆಲಸ. ಜನ ಎಡವುವುದು ಆಮೇಲೆ. ಪುಣೆಯಿಂದ ಬೆಳಗಾವಿ, ಹುಬ್ಬಳ್ಳಿ ಕಡೆ ಹೊರಡುವ ಹಿಂದಿನ ದಿನ ಸೆನ್ಸರ್ ಹಾಕಿಸಿ, ಮರುದಿನ ಖಂಬಾಟ್ಕಿ ಘಾಟ್ ಹತ್ತುವಾಗ ಬಾನೆಟ್ ಎತ್ತಿ ನಿಂತವರನ್ನು ಸಾಕಷ್ಟು ನೋಡಿದ್ದೇನೆ. ಸೆನ್ಸರ್ ಚೆನ್ನಾಗಿಯೇ ಇರುತ್ತದೆ. ಕೂಲಂಟ್ ಓಡುವ ದಾರಿಯೊಳಗೆ ಗಾಳಿ ಉಳಿದಿರುತ್ತದೆ.

ಮೊದಲು, ಕೆಟ್ಟಿರುವುದು ಸೆನ್ಸರ್ ಹೌದೋ ಅಲ್ಲವೋ ನೋಡಿ. ಡಿಸೆಂಬರ್-ಜನವರಿಯ ಪುಣೆ ಚಳಿಗೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಲು ಸತಾಯಿಸುವುದು, ಕಪ್ಪು ಹೊಗೆ, ಮೈಲೇಜ್ ಇಳಿಯುವುದು, ಎಂಜಿನ್ ತಣ್ಣಗಿದ್ದರೂ ಫ್ಯಾನ್ ಓಡುತ್ತಲೇ ಇರುವುದು, ಇವೆಲ್ಲ ಇದರ ಲಕ್ಷಣ. ಗಾಡಿಯ ದೋಷ ಓದುವ ಸ್ಕ್ಯಾನರ್‌ನಲ್ಲಿ ಪಿ0117 ಅಥವಾ ಪಿ0118 ಎಂಬ ಕೋಡ್ ಬಂದರೆ ಸೆನ್ಸರ್ ಇಲ್ಲವೇ ಅದರ ವೈರಿಂಗ್ ಮೇಲೆ ಅನುಮಾನ. ಪಿ0128 ಬಂದರೆ ಮೊದಲು ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ಕೂಲಂಟನ್ನು ರೇಡಿಯೇಟರ್‌ಗೆ ಬಿಡುವ ಕವಾಟ) ನೋಡಿ, ಸುಮ್ನೆ ಸೆನ್ಸರ್‌ಗೆ ದುಡ್ಡು ಸುರಿಯಬೇಡಿ.

ಮಲ್ಟಿಮೀಟರ್ ಇದ್ದರೆ ಇನ್ನೂ ಸುಲಭ. ಈ ಸೆನ್ಸರ್ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ. ಹೆಚ್ಚಿನ ಕಾರುಗಳಲ್ಲಿ 20 ಡಿಗ್ರಿಯಲ್ಲಿ ಎರಡರಿಂದ ಮೂರು ಸಾವಿರ ಓಮ್, 80 ಡಿಗ್ರಿಗೆ ಸುಮಾರು 300 ಓಮ್. ಸ್ಟೀಲ್ ಲೋಟದಲ್ಲಿ ಬಿಸಿನೀರು ಹಾಕಿ ಸೆನ್ಸರ್ ತುದಿ ಅದ್ದಿ. ಮೀಟರ್‌ನ ಅಂಕಿ ಸಲೀಸಾಗಿ ಇಳಿಯುತ್ತಾ ಹೋಗಬೇಕು. ನಡುವೆ ತಟ್ಟನೆ ಜಿಗಿದರೆ ಅದು ಹೋದಂತೆ.

ಹೊಸದು ತಂದಾಗಲೂ ಇದೇ ಪರೀಕ್ಷೆ ಮಾಡಿ. ಪುಣೆಯ ನಾನಾ ಪೇಠ್‌ನಲ್ಲಿ ಸ್ಪೇರ್ ಕೇಳಿದರೆ "ಓರಿಜಿನಲ್ ಪಾಹಿಜೆ ಕೀ ಲೋಕಲ್?" (ಓರಿಜಿನಲ್ ಬೇಕೋ ಲೋಕಲ್ಲೋ?) ಎಂಬ ಪ್ರಶ್ನೆ ಬರುತ್ತದೆ. ಇದೊಂದಕ್ಕೆ ಲೋಕಲ್ ಬೇಡವೇ ಬೇಡ. ನೋಡಲು ಒಂದೇ ಥರ ಇರುತ್ತದೆ, ಅಂಕಿ ಮಾತ್ರ ಎಲ್ಲೆಲ್ಲೋ ಇರುತ್ತದೆ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಇಲ್ಲವೇ ಪಾರ್ಟ್ ನಂಬರ್ ಬರೆದುಕೊಳ್ಳಿ. ಕೆಲವು ಹಳೇ ಗಾಡಿಗಳಲ್ಲಿ ಎರಡು ಸೆನ್ಸರ್ ಇರುತ್ತವೆ. ಎರಡು ವೈರಿನದು ಎಂಜಿನ್ ಕಂಪ್ಯೂಟರ್‌ಗೆ, ಒಂದು ವೈರಿನದು ಡ್ಯಾಶ್‌ಬೋರ್ಡಿನ ಮುಳ್ಳಿಗೆ.

ಈಗ ಕೆಲಸ. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು, ರಾತ್ರಿ ನಿಲ್ಲಿಸಿದ ಗಾಡಿಯಾದರೆ ಒಳ್ಳೆಯದು. ಬಿಸಿ ಇರುವಾಗ ಒಳಗಿನ ನೀರು 100 ಡಿಗ್ರಿ ದಾಟಿಯೂ ಕುದಿಯದೆ ಒತ್ತಡದಲ್ಲಿ ಕೂತಿರುತ್ತದೆ. ರೇಡಿಯೇಟರ್ ಅಥವಾ ಕೂಲಂಟ್ ಡಬ್ಬಿಯ ಕ್ಯಾಪ್ ತೆಗೆದ ಕ್ಷಣ ಮುಖಕ್ಕೇ ಚಿಮ್ಮುತ್ತದೆ. ಬಟ್ಟೆ ಹಿಡಿದು ತೆಗೆಯುತ್ತೇನೆ ಅನ್ನುವ ಧೈರ್ಯ ಬೇಡ.

ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಶುಭ್ರವಾದ ಟಬ್‌ಗೆ ಒಂದು ಲೀಟರ್‌ನಷ್ಟು ಕೂಲಂಟ್ ಇಳಿಸಿ. ಆ ಟಬ್ಬನ್ನು ಸೊಸೈಟಿ ಪಾರ್ಕಿಂಗ್‌ನಲ್ಲಿ ಹಾಗೇ ಬಿಟ್ಟು ಹೋಗಬೇಡಿ. ಕೂಲಂಟ್ ಸಿಹಿಯಾಗಿರುತ್ತದೆ, ನಾಯಿ-ಬೆಕ್ಕು ನೆಕ್ಕಿದರೆ ಸಾಯುತ್ತವೆ.

ಸೆನ್ಸರ್ ಸಾಮಾನ್ಯವಾಗಿ ಥರ್ಮೋಸ್ಟಾಟ್ ಹೌಸಿಂಗ್ ಹತ್ತಿರ ಇರುತ್ತದೆ. ಕನೆಕ್ಟರ್‌ನ ಲಾಕ್ ಒತ್ತಿ ಎಳೆಯಿರಿ, ವೈರ್ ಹಿಡಿದಲ್ಲ. ಶಾಖಕ್ಕೆ ಬೆಂದ ಪ್ಲಾಸ್ಟಿಕ್ ಪಟ್ ಎಂದು ಮುರಿಯುತ್ತದೆ. ಪಿನ್ ಮೇಲೆ ಹಸಿರು ಪುಡಿ ಕಂಡರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಿರಿ. ಎಷ್ಟೋ ಸಲ ರೋಗ ಅಷ್ಟೇ ಆಗಿರುತ್ತದೆ. ಡೀಪ್ ಸಾಕೆಟ್ ಹಾಕಿ ಬಿಚ್ಚಿ, ಹಳೇ ವಾಷರ್ ಒಳಗೇ ಅಂಟಿಕೊಂಡಿದ್ದರೆ ಕಿತ್ತು ತೆಗೆಯಿರಿ. ಹೊಸದನ್ನು ಮೊದಲು ಬೆರಳಲ್ಲೇ ತಿರುಗಿಸಿ ಕೂರಿಸಿ. ಹೌಸಿಂಗ್ ಅಲ್ಯೂಮಿನಿಯಂನದಾದರೆ ಅಡ್ಡಾದಿಡ್ಡಿ ತಿರುಗಿಸಿ ಥ್ರೆಡ್ ಹೋಯಿತೋ, ಹೌಸಿಂಗೇ ಬದಲಿಸಬೇಕು. ವಾಷರ್ ಅಥವಾ ಓ-ರಿಂಗ್ ಇದ್ದರೆ ಟೆಫ್ಲಾನ್ ಟೇಪ್ ಸುತ್ತಬೇಡಿ. ಒಂದು ವೈರಿನ ಸೆನ್ಸರ್‌ಗೆ ಅದರ ಮೈಯೇ ಅರ್ಥಿಂಗ್. ಟೇಪ್ ಸುತ್ತಿದರೆ ಮುಳ್ಳು ಸುಳ್ಳು ಹೇಳುತ್ತದೆ.

ಇನ್ನು ಗಾಳಿ. ಸೆನ್ಸರ್ ಇರುವುದು ಹೆಚ್ಚಾಗಿ ಎತ್ತರದ ಜಾಗದಲ್ಲಿ. ಗಾಳಿ ಬಂದು ಕೂರುವುದೂ ಅಲ್ಲೇ. ಸೆನ್ಸರ್ ತುದಿಗೆ ಕೂಲಂಟ್ ತಾಗದಿದ್ದರೆ ಅದು ಸರಿಯಾದ ಲೆಕ್ಕ ಕೊಡುವುದಾದರೂ ಹೇಗೆ? ಎಂಜಿನ್ ಕುದಿಯುತ್ತಿದ್ದರೂ ಫ್ಯಾನ್ ತಡವಾಗಿ ತಿರುಗುತ್ತದೆ.

ಸೊಸೈಟಿಯ ರ‍್ಯಾಂಪ್ ಮೇಲೆ ಮೂತಿ ಮೇಲಾಗುವಂತೆ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಬ್ಯಾಟರಿ ಮತ್ತೆ ಜೋಡಿಸಿ. ಕಂಪನಿ ಹೇಳಿದ ಜಾತಿಯ ಕೂಲಂಟನ್ನೇ ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ ಬೆರೆಸಿ ನಿಧಾನ ಸುರಿಯಿರಿ. ಕುಡಿಯುವ ಬಾಟಲಿ ನೀರು ನಡೆಯುವುದಿಲ್ಲ, ಅದರಲ್ಲೂ ಖನಿಜ ಇರುತ್ತದೆ. ಸುರಿಯುತ್ತಾ ರೇಡಿಯೇಟರ್‌ನ ಮೇಲಿನ ಹೋಸನ್ನು (ರಬ್ಬರ್ ಪೈಪ್) ಹಸುವಿನ ಹಾಲು ಕರೆದ ಹಾಗೆ ಹಿಂಡುತ್ತಿರಿ. ಗುಳುಗುಳು ಎಂದು ಗುಳ್ಳೆ ಬರುತ್ತವೆ. ಗಾಳಿ ಬಿಡಲೆಂದೇ ಕೊಟ್ಟಿರುವ ಬ್ಲೀಡ್ ಸ್ಕ್ರೂ ಇದ್ದರೆ ಸಡಿಲಿಸಿ, ಗುಳ್ಳೆಯಿಲ್ಲದ ಧಾರೆ ಬಂದ ಮೇಲೆ ಬಿಗಿಮಾಡಿ.

ಹೀಟರ್‌ನೊಳಗೂ ಕೂಲಂಟ್ ಹರಿಯಬೇಕು, ಅದನ್ನು ಪೂರ್ತಿ ಬಿಸಿಗೆ ತಿರುಗಿಸಿ. ಮುಂಬೈ-ಪುಣೆಯಲ್ಲಿ ಆ ನಾಬ್ ಮುಟ್ಟುವವರೇ ಇಲ್ಲ, ಹಾಗಾಗಿ ಇದು ಯಾರಿಗೂ ನೆನಪಾಗುವುದಿಲ್ಲ. ಎಂಜಿನ್ ಐಡಲ್‌ನಲ್ಲಿ ಬಿಡಿ, ಕ್ಯಾಪ್ ಇನ್ನೂ ತೆಗೆದೇ ಇರಲಿ. ಮುಖ ಮಾತ್ರ ದೂರ ಇರಲಿ. ಮೇಲಿನ ಹೋಸ್ ತಟ್ಟನೆ ಬಿಸಿಯಾದರೆ ಥರ್ಮೋಸ್ಟಾಟ್ ತೆರೆಯಿತು ಎಂದರ್ಥ. ಆಗ ಮಟ್ಟ ಒಮ್ಮೆ ಕುಸಿಯುತ್ತದೆ. ತುಂಬಿಸಿ, ಗುಳ್ಳೆ ನಿಂತ ಕೂಡಲೇ ಕ್ಯಾಪ್ ಹಾಕಿ. ಫ್ಯಾನ್ ಎರಡು ಸಲ ಓಡಿ ನಿಲ್ಲುವ ತನಕ ಅಲ್ಲೇ ಇರಿ. ಮುಳ್ಳು ಮೇಲೇರುತ್ತಿದ್ದರೂ ಹೀಟರ್‌ನಿಂದ ತಣ್ಣನೆ ಗಾಳಿ ಬಂದರೆ ಒಳಗೆ ಇನ್ನೂ ಗಾಳಿ ಇದೆ. ಎಂಜಿನ್ ನಿಲ್ಲಿಸಿ, ತಣ್ಣಗಾದ ಮೇಲೆ ಮತ್ತೆ ಮೊದಲಿಂದ. ಮ್ಯಾನುಯಲ್‌ನಲ್ಲಿ ವ್ಯಾಕ್ಯೂಮ್ ಫಿಲ್ (ಮೊದಲು ಪಂಪಿನಿಂದ ಗಾಳಿ ಎಳೆದು ಆಮೇಲೆ ಕೂಲಂಟ್ ತುಂಬುವುದು) ಬೇಕೆಂದು ಬರೆದಿದ್ದರೆ ಈ ಸಾಹಸ ಬೇಡ, ವರ್ಕ್‌ಶಾಪ್‌ಗೆ ಹೋಗಿ.

ಕೆಲವು ಮೆಕ್ಯಾನಿಕ್‌ಗಳು ಇಷ್ಟೆಲ್ಲ ಯಾಕೆ ಎಂದು ಫ್ಯಾನ್ ಸದಾ ಓಡುವಂತೆ ಡೈರೆಕ್ಟ್ ಮಾಡಿಕೊಡುತ್ತಾರೆ, ಥರ್ಮೋಸ್ಟಾಟನ್ನೂ ಕಿತ್ತು ಕೈಗೆ ಕೊಡುತ್ತಾರೆ. ಒಪ್ಪಬೇಡಿ. ಎಂಜಿನ್ ಸರಿಯಾಗಿ ಬಿಸಿಯಾಗುವುದೇ ಇಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ.

ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಮಟ್ಟ ನೋಡಿ. ಸ್ವಲ್ಪ ಇಳಿದೇ ಇರುತ್ತದೆ, ತುಂಬಿಸಿ. ಸೆನ್ಸರ್ ಬುಡಕ್ಕೆ ಟಿಶ್ಯೂ ಒತ್ತಿ. ಒದ್ದೆಯಾದರೆ ವಾಷರ್ ಸರಿಯಾಗಿ ಕೂತಿಲ್ಲ. ಸ್ಕ್ಯಾನರ್‌ನಲ್ಲಿ ಕೋಡ್ ಅಳಿಸಿ, ಊರೊಳಗೇ ಒಂದೆರಡು ದಿನ ಓಡಿಸಿ. ಘಾಟ್ ಹತ್ತುವುದು ಆಮೇಲೆ.